ಸ್ವಾತಿ ನಕ್ಷತ್ರದ ಮಯೂರ್

ಕಾಮಕುರದ ಕಡಲತೀರದಲ್ಲಿ ನಾವು ಮೊದಲು ಕಳೆದುಕೊಂಡದ್ದು ಕೋಡುಬಳೆ.

ಜಯನಗರದ ಜಪಾನೀ ಕ್ಲಾಸಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತ ನಾನು, ಶರ್ವಾಣಿ, ಮಯೂರ್ ಜಪಾನಿಗೆ ಹತ್ತು ದಿನದ ಪ್ರವಾಸ ಬಂದಿದ್ದೆವು. 'ತಿಂಡಿ ಹೊರಗೆ ತೆಗೆಯಬೇಡಿ, ಹದ್ದುಗಳಿವೆ' ಎಂಬ ಫಲಕವನ್ನು ಮಯೂರ್ ಗತ್ತಿನಿಂದ ಅನುವಾದಿಸಿದ. ಅನುವಾದ ಮುಗಿಯುವಷ್ಟರಲ್ಲಿ ಅವನ ಕೈಯಲ್ಲಿದ್ದ ಕೋಡುಬಳೆ ಆಕಾಶದಲ್ಲಿತ್ತು.

"ಏಯ್, ಖಾರ ಜಾಸ್ತಿ ಇದೆ ಕಣೋ ಅದ್ರಲ್ಲಿ!" ಎನ್ನುತ್ತ ಹದ್ದಿನ ಹಿಂದೆ ಓಡಿದ.

"ಗುರು, ಹಂಗೇ ನೀರೂ ಕುಡಿಸ್ಬಿಟ್ಟು ಬಾ!" ಶರ್ವಾಣಿ ವಿಡಿಯೋ ಮಾಡುತ್ತ ಕೂಗಿದಳು.

ಮೊಣಕಾಲಿನವರೆಗೂ ಒದ್ದೆಯಾಗಿ, ನಗುತ್ತ ಅವನು ನನ್ನತ್ತ ತಿರುಗಿದ. ನಾನು ತಕ್ಷಣ ಸಮುದ್ರ ನೋಡಿದೆ. ಕ್ಲಾಸಿನಲ್ಲಾದರೆ ಕರಿಹಲಗೆ ನೋಡುತ್ತಿದ್ದೆ.

ಮಧ್ಯಾಹ್ನ ಗುಡ್ಡದ ಮೇಲಿನ ಪುಟ್ಟ ಗುಡಿಗೆ ಹತ್ತಿದೆವು. ಅಲ್ಲಿ ಮರದ ಹಲಗೆಯ ಮೇಲೆ ಹರಕೆ ಬರೆದು ತೂಗುಹಾಕುತ್ತಾರೆ. ಈ ಊರಲ್ಲಿ ಯಾರಿಗೆ ಕನ್ನಡ ಬರುತ್ತದೆ? ಆ ಧೈರ್ಯದಲ್ಲೇ ಪೆನ್ನು ಹಿಡಿದೆ. ಬರೀ 'ಮಯೂರ್' ಎಂದರೆ ದೇವರಿಗೆ ಗೊತ್ತಾಗುವುದು ಹೇಗೆ? ಬನಶಂಕರಿಯಲ್ಲೇ ನೂರು ಜನ ಮಯೂರರಿದ್ದಾರು. ಅರ್ಚನೆಗೆ ಹೇಳುವಂತೆಯೇ ಬರೆದೆ: 'ಮಯೂರ್, ಭಾರದ್ವಾಜ ಗೋತ್ರ, ಸ್ವಾತಿ ನಕ್ಷತ್ರ, ತುಲಾ ರಾಶಿ. ಒಂದು ಸಲ ನನ್ನನ್ನು ಸರಿಯಾಗಿ ನೋಡಲಿ.'

ನೂರಾರು ಜಪಾನೀ ಹಲಗೆಗಳ ನಡುವೆ ಕನ್ನಡದ್ದೊಂದೇ ಎದ್ದು ಕಾಣುತ್ತದೆಂದು ತೂಗುಹಾಕುವಾಗ ನನಗೆ ಹೊಳೆಯಲೇ ಇಲ್ಲ.

ಶರ್ವಾಣಿ ಐಸ್‌ಕ್ರೀಮಿಗೆಂದು ಮೆಟ್ಟಿಲಿಳಿದಿದ್ದಳು. ತಿರುಗಿದರೆ, ಮಯೂರ್ ನನ್ನ ಹಲಗೆಯ ಮುಂದೆ ನಿಂತಿದ್ದ. ಅವನದು ಕೈಯಲ್ಲೇ ಇತ್ತು, ಇನ್ನೂ ಖಾಲಿ.

ಈಗ ನಕ್ಕುಬಿಟ್ಟರೆ? ಶನಿವಾರದ ಕ್ಲಾಸು, ಆಮೇಲಿನ ಬೈ-ಟು ಕಾಫಿ, ಎಲ್ಲ ಇವತ್ತಿಗೇ ಮುಗಿಯಿತು ಅನ್ನಿಸಿತು.

"ಇಂಚರ, ನನ್ನ ನಕ್ಷತ್ರ ನಿಂಗೆ ಹೆಂಗೊತ್ತು?"

"ನಿನ್ ಬರ್ತ್‌ಡೇ ದಿನ ದೇವಸ್ಥಾನದಲ್ಲಿ ನಿಮ್ಮಮ್ಮ ಅರ್ಚಕರಿಗೆ ಹೇಳ್ತಿದ್ರು. ಹಿಂದೆ ನಿಂತಿದ್ದೆ."

"ಅದು ಎರಡು ವರ್ಷದ ಹಿಂದೆ! ಅಮ್ಮ ಒಂದೇ ಸಲ ಹೇಳಿದ್ದು."

"ಡೈರಿಲಿ ಬರ್ಕೊಂಡೆ."

ಅವನು ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ತನ್ನ ಹಲಗೆಯನ್ನು ಮೊಣಕಾಲಿನ ಮೇಲಿಟ್ಟು ಕುಳಿತ. 'ಇಂಚರ' ಎಂದು ಬರೆದು ನಿಲ್ಲಿಸಿದ.

"ನಕ್ಷತ್ರ ಹೇಳು."

"ಯಾಕೆ?"

"ದೇವ್ರು ಬೇರೆ ಯಾವ್ದೋ ಇಂಚರನ್ನ ಕೊಟ್ಬಿಟ್ರೆ ಏನ್ ಮಾಡ್ಲಿ?"

ಕೆಳಗೆ ಸಮುದ್ರ ಹೊಳೆಯುತ್ತಿತ್ತು. ನಾನು ಅತ್ತ ನೋಡಲಿಲ್ಲ.

"ಪುಷ್ಯ," ಎಂದೆ.

ಮೆಟ್ಟಿಲ ಬುಡದಿಂದ ಶರ್ವಾಣಿಯ ಕೂಗು ಕೇಳಿತು. "ಮಗಾ, ಹದ್ದು ಐಸ್‌ಕ್ರೀಮೂ ಹೊಡ್ಕೊಂಡೋಯ್ತು! ಬೇಗ ಬಾರೋ!"

"ತಿನ್ಲಿ ಬಿಡೇ, ಅದಕ್ಕೆ ಖಾರ ಆಗಿರುತ್ತೆ," ಎಂದು ಮಯೂರ್ ಕೂಗಿ ಹೇಳಿದ, ನನ್ನಿಂದ ಕಣ್ಣು ತೆಗೆಯದೆ.