ಒಂದು ಸಾಲನ್ನೂ ಬಿಡದೆ

ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುವ ಆ ಪುಟ್ಟ ಸ್ಟುಡಿಯೋದಲ್ಲಿ ಅವಳಿಗಿದ್ದದ್ದು ಒಂದೇ ನಿಯಮ. ಪುಟದಲ್ಲಿದ್ದದ್ದನ್ನೆಲ್ಲ ಓದಬೇಕು. ಅಡಿಟಿಪ್ಪಣಿಯನ್ನೂ ಬಿಡುವಂತಿಲ್ಲ.

ಆ ಬೆಳಿಗ್ಗೆ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ಅವಳ ನಾಲ್ಕು ತಿಂಗಳ ಓದು ಅದರಲ್ಲಿತ್ತು. ಮಕ್ಕಳ ಪರೀಕ್ಷೆಗೆ ಉಳಿದಿದ್ದು ಒಂದು ವಾರ. ಅದರ ಒಂದೇ ಒಂದು ನಕಲು ಬ್ಯಾಕಪ್ ಡಿಸ್ಕಿನಲ್ಲಿತ್ತು. ಅದನ್ನು ಮರಳಿಸುವ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ, ಬರೆದವನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

ಸ್ಟುಡಿಯೋದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಅವನನ್ನು ಅವಳು ಡಿಸ್ಕ್ ಡಾಕ್ಟ್ರು ಎನ್ನುತ್ತಿದ್ದಳು. ಅವನ ಮಾತು ಕಡಿಮೆ. ಆದರೆ ದಿನವೂ ಮೈಕಿನ ಪಕ್ಕದಲ್ಲಿ ಬಿಸಿನೀರಿನ ಲೋಟವನ್ನು ಸದ್ದಾಗದಂತೆ ಇಟ್ಟು ಹೋಗುತ್ತಿದ್ದ.

ಕಂಪ್ಯೂಟರ್ ಅಂಗಡಿಯವರು ಹೊಸ ಡಿಸ್ಕ್ ಕೂರಿಸಿ ಹೋದ ಮೇಲೆ ಅವಳು ಫೋನ್ ಮಾಡಿದಳು.

"ಡಾಕ್ಟ್ರೇ, ಈಗ ನೀವೇ ಪೇಷಂಟು. ಆದ್ರೂ ನನಗೆ ಬೇರೆ ದಿಕ್ಕಿಲ್ಲ."

"ಕಾಲು ಮೇಲಕ್ಕೆ ನೇತುಹಾಕಿದ್ದಾರೆ ಮೇಡಂ. ಇಲ್ಲಾಂದ್ರೆ ಕುಂಟ್ಕೊಂಡಾದ್ರೂ ಬರ್ತಿದ್ದೆ."

"ಬಂದ್ರೆ ಇನ್ನೊಂದು ಕಾಲು ನಾನೇ ಮುರೀತೀನಿ," ಎಂದಿತು ಮತ್ತೊಂದು ದನಿ. ಅದು ಅವನ ಅಕ್ಕ. ಫೋನ್ ಅವಳ ಕೈಯಲ್ಲಿತ್ತು, ಸ್ಪೀಕರ್ ಹಾಕಿತ್ತು.

"ಸ್ಕ್ರಿಪ್ಟ್ ತೆರೆದು ಓದಿ ಮೇಡಂ. ಹ್ಯಾಶ್ ಗುರುತಿರೋ ಸಾಲು ಬಿಟ್ಬಿಡಿ. ಅವು ನನಗೇ ಬರ್ಕೊಂಡ ಟಿಪ್ಪಣಿ, ಕಂಪ್ಯೂಟರೂ ಓದಲ್ಲ."

"ಕಂಪ್ಯೂಟರ್ ಬಿಡಬಹುದು. ನನಗೆ ಬಿಟ್ಟು ಓದಿ ಅಭ್ಯಾಸ ಇಲ್ಲ."

"ಅಯ್ಯೋ ಬೇಡ ಮೇಡಂ..."

ಅವಳು ಆಗಲೇ ಶುರುಮಾಡಿದ್ದಳು. "'ಇವತ್ತು ಅವರಿಗೆ ಶೀತ. ನೀರು ಇನ್ನಷ್ಟು ಬಿಸಿ ಇರಲಿ.'"

ಅವಳ ದನಿ ತಡವರಿಸಿತು. ಅತ್ತ ಮಂಚ ಕಿರುಗುಟ್ಟಿತು.

"ಅಕ್ಕ, ಫೋನ್ ಇಡು."

"ಯಾಕೋ? ಎಷ್ಟು ಚೆನ್ನಾಗಿ ಓದ್ತಾಳೆ. ನೀನು ಓದಮ್ಮ."

"'ಇ ಅಕ್ಷರದ ಡಿಸ್ಕಿನಿಂದ ಡಿ ಅಕ್ಷರದ ಡಿಸ್ಕಿಗೆ ನಕಲು.'"

"ಸರಿ ಇದೆ. ಎಂಟರ್ ಒತ್ತಿ, ಸಾಕು," ಎಂದ ಅವನು ಅವಸರದಲ್ಲಿ.

"ಇನ್ನೊಂದು ಹ್ಯಾಶ್ ಇದೆ. 'ಹೊಸ ಡಿಸ್ಕ್ ಹಾಕಿದ್ರೆ ಡಿಸ್ಕುಗಳ ಅಕ್ಷರ ಅದಲುಬದಲಾಗಬಹುದು. ಖಾಲಿ ಡಿಸ್ಕನ್ನ ಬ್ಯಾಕಪ್ ಮೇಲೆ ನಕಲು ಮಾಡಿದ್ರೆ ಎಲ್ಲ ಹೋಯ್ತು. ಇದರಲ್ಲಿರೋದು ಅವರ ದನಿ. ನನ್ನ ಪಾಲಿಗೆ ಅವರು ಸಿಕ್ಕಿರೋದು ಇಷ್ಟೇ.'"



"ಮೇಡಂ," ಎಂದ ಅವನು, "ಕೀ ಮೇಲಿಂದ ಕೈ ತೆಗೀರಿ. ಯಾವ ಡಿಸ್ಕ್ ಖಾಲಿ ಇದೆ, ನೋಡಿ."

"ಇ ಖಾಲಿ. ಡಿ ತುಂಬಿದೆ."

ಒತ್ತಿದ್ದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ಅವಳು ಎರಡು ಅಕ್ಷರಗಳನ್ನು ಅದಲುಬದಲು ಮಾಡಿ, ಮತ್ತೊಮ್ಮೆ ಓದಿ ಹೇಳಿ, ಎಂಟರ್ ಒತ್ತಿದಳು.

ಇನ್ನು ಇಬ್ಬರ ಕೈಯಲ್ಲೂ ಏನೂ ಇರಲಿಲ್ಲ.

"ಎಷ್ಟಾಯ್ತು?"

"ಶೇಕಡಾ ಮೂರು."

"ಆ ಸಾಲನ್ನ ಆಮೇಲೆ ಅಳಿಸಿಬಿಡಿ. ತಪ್ಪಾಯ್ತು."

ಅವಳು ನೂರಾಗುವವರೆಗೆ ಬರೀ ಅಂಕಿಗಳನ್ನು ಹೇಳುತ್ತ ಹೋದಳು, ಅವನು ಕೇಳುತ್ತ ಹೋದ. ಕೊನೆಗೆ ಮೊದಲ ಪಾಠ ತೆರೆದು ತನ್ನದೇ ದನಿ ಕೇಳಿಸಿಕೊಂಡಳು. ಆಮೇಲೆ ಸ್ಕ್ರಿಪ್ಟಿಗೆ ಒಂದು ಹ್ಯಾಶ್ ಸೇರಿಸಿ, ಟೈಪ್ ಮಾಡುತ್ತಲೇ ಓದಿದಳು.

"'ಸಿಕ್ಕಿರೋದು ಇಷ್ಟೇ ಅಲ್ಲ. ಸಂಜೆ ನಾಲ್ಕಕ್ಕೆ ಅವರು ಆಸ್ಪತ್ರೆಗೆ ಬರ್ತಾರೆ. ಬಿಸಿನೀರು ಅವರೇ ತರ್ತಾರೆ.'"



"ಅಳ್ತಿದ್ದಾನಮ್ಮ," ಎಂದಳು ಅಕ್ಕ ಮೆಲ್ಲಗೆ. "ಕಾಲುನೋವು ಅಂತಾನೆ. ನಂಬಬೇಡ."