ಇಳಿಯದ ಎಣ್ಣೆ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇಂಜಿನ್ ಬಲ್ಲವರು ನನ್ನ ವಿವರಣೆಗೆ ನಗಬಹುದು. ಪ್ರೀತಿ ಬಲ್ಲವರು ಇನ್ನೂ ಜೋರಾಗಿ ನಗಬಹುದು. ಆದರೂ ಹೇಳದೆ ಇರಲು ಮನಸ್ಸು ಬಿಡುತ್ತಿಲ್ಲ...

"ಏಯ್! ಬಿಡ್ರೀ ಅದನ್ನ!"

ಷೆಡ್ಡಿನ ಬಾಗಿಲಿನಿಂದ ಬಂದ ಕೂಗಿಗೆ ಅವಳು ಬೆಚ್ಚಿಬಿದ್ದಳು. ಅಪ್ಪನ ಹಳೆಯ ಕಾರಿನ ಮೂತಿಗೆ ಇಂಜಿನ್ ತಿರುಗಿಸುವ ಹ್ಯಾಂಡಲ್ ಸಿಕ್ಕಿಸಿ, ಅದರ ತುದಿಗೆ ಕಬ್ಬಿಣದ ಪೈಪು ತೂರಿಸಿ, ಪೈಪಿನ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು.

"ನಮ್ಮ ಕಾರು, ನಮ್ಮ ಪೈಪು. ನೀವ್ಯಾರು ಕೇಳೋಕೆ?"

"ನಿಮ್ಮಪ್ಪ ಕರೆಸಿದ ಮೆಕ್ಯಾನಿಕ್. ಜಾಮ್ ಆಗಿರೋ ಇಂಜಿನ್ ಮೇಲೆ ಹತ್ತಿ ಕುಣಿದ್ರೆ ಅದು ತಿರುಗಲ್ಲ ಮೇಡಂ, ಮುರಿಯುತ್ತೆ."

ಅವಳ ಕಿವಿ ಕೆಂಪಾಯಿತು. ಅವನು ಕೂಗುವ ಮುಂಚೆಯೇ ಒಳಗೆಲ್ಲೋ 'ಟಕ್' ಎಂದಿತ್ತು. ಅದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ.

ಅಮ್ಮ ಹೋದ ಮೇಲೆ ಅಪ್ಪ ಆ ಕಾರನ್ನು ಹೊರತೆಗೆದೇ ಇರಲಿಲ್ಲ. ಈಗ ಇದ್ದಕ್ಕಿದ್ದಂತೆ, "ಒಂದ್ಸಲ ಓಡಿಸ್ಬೇಕು ಕಣೇ" ಎಂದಿದ್ದರು. ಅಣ್ಣನಿಗೆ ಮಾತ್ರ ಷೆಡ್ಡು ಬೇಕಿತ್ತು. "ತಿಂಗಳ ಕೊನೆವರೆಗೆ ನೋಡ್ತೀನಿ. ಇಂಜಿನ್ ತಿರುಗದಿದ್ರೆ ಗುಜರಿಗೆ!" ಅಂದುಬಿಟ್ಟಿದ್ದ. ಅಂದಿನಿಂದ ಅವಳು ಕಾದ ಕಾವಲಿಯ ಮೇಲೆ ನಿಂತ ಹಾಗಿದ್ದಳು.

ಮೆಕ್ಯಾನಿಕ್ ನಾಲ್ಕೂ ಪ್ಲಗ್ ಬಿಚ್ಚಿ, ಆ ತೂತುಗಳಿಗೆ ಎಣ್ಣೆ ಸುರಿದ. ಕಡ್ಡಿ ಅದ್ದಿ ಎಷ್ಟಿದೆ ಎಂದು ನೋಡಿದ.

"ಅಷ್ಟೇನಾ?!"

"ಅಷ್ಟೇ. ಯಾರೂ ಮುಟ್ಬೇಡಿ. ನಾನು ದಿನಾ ಸಂಜೆ ಬಂದು ನೋಡ್ತೀನಿ."

ಯಾಕೆ, ಏನು ಎಂದು ಅವನು ಬಿಡಿಸಿ ಹೇಳಲಿಲ್ಲ. ಜಗಳದ ಬಿಸಿ ಇನ್ನೂ ಆರಿರಲಿಲ್ಲ.

ಮರುದಿನ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಡುವ ಮೊದಲು ಅವಳು ಷೆಡ್ಡಿಗೆ ಇಣುಕಿದಳು. ಕಡ್ಡಿ ಅದ್ದಿದಳು. ಎಣ್ಣೆ ಇಳಿದಿತ್ತು! ಕೆಳಗೆ ಬಗ್ಗಿ ನೋಡಿದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ.

'ಒಳಗೇ ಸೋರ್ತಿದೆ... ಆ ಟಕ್! ನಾನೇ ಏನೋ ಮುರಿದುಹಾಕಿದೀನಿ!'

ಬಾಟಲಿ ಎತ್ತಿ ಮೊದಲಿದ್ದಷ್ಟೇ ತುಂಬಿಸಿದಳು, ಸಂಜೆ ಅವನು ಬರುವ ಮುಂಚೆ ಇನ್ನೊಮ್ಮೆ. ಮರುದಿನವೂ. ಅದರ ಮರುದಿನವೂ.

ಸಂಜೆಗಳಲ್ಲಿ ಅವನು ಬರುತ್ತಿದ್ದ. ಕಡ್ಡಿ ಅದ್ದುತ್ತಿದ್ದ, ಹುಬ್ಬು ಗಂಟಿಕ್ಕುತ್ತಿದ್ದ. ಆಮೇಲೆ ಅಪ್ಪ, ಮಗಳು, ಅವನು ಷೆಡ್ಡಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಇವಳಿಗೆ ಎಲ್ಲದಕ್ಕೂ ಅವಸರ, ಹುಟ್ಟಿದಾಗಲೇ ಗಡಿಯಾರ ನೋಡಿದಳಂತೆ" ಎಂದು ಅಪ್ಪ ಒಂದು ಸಂಜೆ ರೇಗಿಸಿದರು.

"ಅಳೋದಕ್ಕೂ ತಡ ಆಯ್ತು ಅಂದಿರ್ಬೇಕು ಯಜಮಾನ್ರೇ" ಎಂದ ಅವನು. ಅವಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವನ ಉಗುರಿನ ಸಂದಿಯ ಮಸಿ ಕೂಡ ಚೆಂದ ಕಾಣತೊಡಗಿತ್ತು... ಕಂಡಷ್ಟೂ ಒಳಗಿನ ಮುಳ್ಳು ಆಳಕ್ಕಿಳಿಯುತ್ತಿತ್ತು. ನಿಜ ಹೇಳಿದರೆ ಅವನು ಮತ್ತೆ ಈ ಕಡೆ ತಲೆ ಹಾಕುತ್ತಾನಾ?

ತಿಂಗಳ ಕೊನೆಯ ಸಂಜೆ ಅವನು ಚಹಾ ಮುಟ್ಟಲಿಲ್ಲ.

"ಯಜಮಾನ್ರೇ, ಕ್ಷಮಿಸ್ಬೇಕು. ನನ್ನ ಕೈಲಿ ಆಗ್ಲಿಲ್ಲ. ನಾಳೆಯಿಂದ ಬರಲ್ಲ."

ಅವಳ ಕಡೆ ತಿರುಗಿಯೂ ನೋಡದೆ ಹೊರಟುಹೋದ. ಅಪ್ಪ ಕಾರಿನ ಕಿಟಕಿಯ ಗಾಜು ಒರೆಸುತ್ತ ನಿಂತರು. ಅಣ್ಣ ಗುಜರಿಯವನಿಗೆ ಫೋನ್ ಹಚ್ಚಿದ.

ಬೆಳಗಾಗುತ್ತಲೇ ಅವಳು ಗ್ಯಾರೇಜಿಗೆ ಓಡಿದಳು. ಅವನು ಇನ್ನೂ ಬಾಗಿಲೆತ್ತುತ್ತಿದ್ದ.

"ನಾನೇ ಮುರಿದಿದ್ದು!" ಮಾತು ಏದುಸಿರಿನಲ್ಲೇ ಬಂತು. "ಅವತ್ತು ಪೈಪು ಹಾಕಿದಾಗ ಟಕ್ ಅಂತು. ಆಮೇಲೆ ಆಯಿಲ್ ಒಳಗೇ ಸೋರೋಕೆ ಶುರುವಾಯ್ತು. ನಿಮಗೆ ಗೊತ್ತಾಗ್ಬಾರ್ದು ಅಂತ ದಿನಾ ಬೆಳಗ್ಗೆ ಸಂಜೆ ತುಂಬಿಸ್ತಿದ್ದೆ. ಬೈಯಿರಿ! ಆದ್ರೆ ಅಪ್ಪನ್ನ ಬಿಟ್ಟು ಹೋಗ್ಬೇಡಿ..."

ಅವನು ಬಾಗಿಲನ್ನು ಅರ್ಧಕ್ಕೇ ಬಿಟ್ಟ. "ಏನಂದ್ರಿ? ಆಯಿಲ್ ಇಳೀತಿತ್ತಾ?"

"ದಿನಾ..."

"ಅಯ್ಯೋ ಪುಣ್ಯಾತ್ಗಿತ್ತಿ!" ಅವನು ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತ. ನಗುತ್ತಿದ್ದನೋ ಅಳುತ್ತಿದ್ದನೋ! "ಅದು ಇಳೀಬೇಕು ಅಂತಾನೇ ನಾನು ಕಾಯ್ತಿದ್ದೆ. ತುಕ್ಕು ಬಿಟ್ರೆ ತಾನೇ ಆಯಿಲ್ ಸಂದೀಲಿ ಕೆಳಗಿಳಿಯೋದು? ಒಂದು ಹನೀನೂ ಇಳೀತಿಲ್ಲ, ಇಂಜಿನ್ ಸತ್ತೇ ಹೋಯ್ತು ಅಂದ್ಕೊಂಡೆ!"

ಅವನ ಸ್ಕೂಟರಿನಲ್ಲಿ ಇಬ್ಬರೂ ಮನೆ ತಲುಪಿದಾಗ ಗುಜರಿಯವನು ಕಾರಿಗೆ ಹಗ್ಗ ಬಿಗಿಯುತ್ತಿದ್ದ.

"ಬಿಚ್ರೀ ಅದನ್ನ!" ಎಂದು ಅವಳು ಅಡ್ಡ ನಿಂತಳು.

"ಮತ್ತೇನೇ ನಿನ್ನ ನಾಟಕ?" ಅಣ್ಣ ಗುರುಗುಟ್ಟಿದ.

"ಒಂದು ನಿಮಿಷ ಬಾಯಿ ಮುಚ್ಚೋ" ಎಂದರು ಅಪ್ಪ. ಮಗನಿಗೆ ಅವರು ಹಾಗೆ ಗದರಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಮೆಕ್ಯಾನಿಕ್ ಹ್ಯಾಂಡಲ್ ಸಿಕ್ಕಿಸಿ, ಅದನ್ನು ಅವಳ ಕೈಗೇ ಕೊಟ್ಟ.

"ಬಲ ಬೇಡ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ. ಮಗೂನ ತೊಟ್ಟಿಲು ತೂಗಿದ ಹಾಗೆ."

ಅವಳು ತೂಗಿದಳು. ಏನೂ ಇಲ್ಲ. ಮತ್ತೆ ತೂಗಿದಳು. ಗುಜರಿಯವನು ಆಕಳಿಸಿದ. ಮತ್ತೆ... ಅಂಗೈಯೊಳಗೆ ಕಬ್ಬಿಣ ಒಂದು ಬೆರಳಿನಷ್ಟು ಜರುಗಿತು! ಆಮೇಲೆ ಒಂದು ಗೇಣು. ಆಮೇಲೆ ನಿಟ್ಟುಸಿರಿನಂಥ ಸದ್ದು ಮಾಡುತ್ತ ಒಂದು ಪೂರ್ತಿ ಸುತ್ತು!

ಅಪ್ಪ ಬಾನೆಟ್ಟಿನ ಮೇಲೆ ಕೈಯೂರಿ ತಲೆ ತಗ್ಗಿಸಿದರು. ಅಣ್ಣ ಕೆಮ್ಮಿ, ಹಗ್ಗ ಬಿಚ್ಚಲು ತಾನೇ ಬಗ್ಗಿದ.

"ನನ್ನ ಮೇಲೆ ಬೇಸರ ಆಗಿ ಹೋದ್ರಿ ಅಂದ್ಕೊಂಡೆ" ಎಂದಳು ಅವಳು ಮೆಲ್ಲಗೆ.

"ಕೈಲಾಗದವನು ಅಂತ ಆದ ಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ? ಈ ಮನೆಗೆ ಬರೋಕೆ ನನಗಿದ್ದಿದ್ದು ಇದೊಂದೇ ನೆಪ."

"ನೆಪ ಯಾಕೆ? ಬರ್ಬೇಕು ಅನ್ಸಿದ್ರೆ ಬರೋದಪ್ಪ!"

"ಅನ್ಸುತ್ತೆ. ದಿನಾ ಅನ್ಸುತ್ತೆ." ಅವನ ದನಿ ಇಳಿಯಿತು. "ನಿಮಗೆ?"

"ನನಗೆ ಬೆಳಗ್ಗೆಯಿಂದಾನೇ ಅನ್ಸೋಕೆ ಶುರು... ಸಂಜೆ ಯಾವಾಗ ಆಗುತ್ತೋ ಅಂತ."

ಮಸಿ ಮೆತ್ತಿದ ಅವನ ಕೈ ಹ್ಯಾಂಡಲಿನ ಮೇಲಿದ್ದ ಅವಳ ಕೈಯನ್ನು ಮುಚ್ಚಿತು. ಅವಳು ಬಿಡಿಸಿಕೊಳ್ಳಲಿಲ್ಲ.

ನನಗೆ ಗೊತ್ತಿರುವುದು ಇಷ್ಟೇ. ಆ 'ಟಕ್' ಏನಾಗಿತ್ತೋ, ಕಾರು ಕೊನೆಗೆ ರಸ್ತೆಗಿಳಿಯಿತೋ ಇಲ್ಲವೋ, ನಾನರಿಯೆ.