ಸವೆಯದ ಬದಿ

ಗ್ರಾಮಫೋನಿನ ಕಪ್ಪು ತಟ್ಟೆಯ ಮೇಲೆ ನೀಲಿ ಬೆಳಕಿನ ಎಳೆಯೊಂದು ಸುತ್ತಿ ಬಂದು ನಿಂತಿತು. ಪರದೆಯಲ್ಲಿ ಅಂಕಿ ಮೂಡಿತು: ಮೊದಲ ಬದಿ, ಒಂದು ಸಲ. ಎರಡನೆಯ ಬದಿ, ಸೊನ್ನೆ.

"ಭಾಳ ಅಪರೂಪದ ಪ್ರತಿ ಐತ್ರಿ ಸರ್," ಎಂದರು ವಿಜ್ಞಾನಿ ಡಾ. ರೇಣುಕಾ ಹೊಂಬಳ. "ಈ ಬದಿಗೆ ಸೂಜೀನ ತಾಗಿಲ್ಲ."

ಅಚ್ಯುತ ಮುಧೋಳರು ಕನ್ನಡಕ ಒರೆಸಿಕೊಂಡು ಅಂಕಿಯನ್ನು ಮತ್ತೆ ಓದಿದರು. "ಯಂತ್ರ ತಪ್ಪು ತೋರಸೂದಿಲ್ಲೇನ್ರಿ?"

"ಮಂದಿ ಸುಳ್ಳು ಹೇಳಬಹುದ್ರಿ, ಸವೆತ ಹೇಳೂದಿಲ್ಲ."

ಧಾರವಾಡದ ಆ ಪ್ರಯೋಗಾಲಯದ ಸವೆತದರ್ಶಕಕ್ಕೆ 2061ರಲ್ಲಿ ಬಿಡುವೇ ಇರಲಿಲ್ಲ. ಹಾಡುಗಳೆಲ್ಲ ಗಾಳಿಯಲ್ಲೇ ಸಿಗತೊಡಗಿದ ಮೇಲೆ ಜನಕ್ಕೆ ಕೈಯಲ್ಲಿ ಹಿಡಿಯುವ ಹಾಡಿನ ಹುಚ್ಚು ಮತ್ತೆ ಹತ್ತಿತ್ತು. ಅದರ ಬೆನ್ನಿಗೇ ನಕಲಿ ತಟ್ಟೆಗಳೂ ಬಂದಿದ್ದವು. ಸೂಜಿ ಓಡಿದಾಗಲೆಲ್ಲ ತಟ್ಟೆಯ ಗೆರೆ ಕಣ್ಣಿಗೆ ಕಾಣದಷ್ಟು ಸವೆಯುತ್ತದೆ. ಆ ಸವೆತವನ್ನು ಬೆಳಕಿನಿಂದ ಅಳೆದು, ಎಷ್ಟು ಸಲ ಕೇಳಿದ್ದಾರೆಂದು ಯಂತ್ರ ಹೇಳುತ್ತಿತ್ತು. ಕಳ್ಳ ವ್ಯಾಪಾರಿಗಳನ್ನು ಹಿಡಿಯಲೆಂದು ಮಾಡಿದ್ದು, ವಿಮರ್ಶಕರನ್ನೂ ಹಿಡಿದೀತೆಂದು ಯಾರೂ ಎಣಿಸಿರಲಿಲ್ಲ.

ಮುಧೋಳರು ತಮ್ಮ ತಟ್ಟೆಗಳ ಸಂಗ್ರಹವನ್ನು ಪರೀಕ್ಷೆ ಮಾಡಿಸಿ ವಸ್ತುಸಂಗ್ರಹಾಲಯಕ್ಕೆ ಕೊಡಲು ಹೊರಟಿದ್ದರು. ಈ ತಟ್ಟೆ ಮೃದುಲಾ ನವಲೂರ ಎಂಬ ಗಾಯಕಿಯ ಮೊದಲನೆಯದು, ಕೊನೆಯದೂ ಅದೇ. ಮೂವತ್ತೆರಡು ವರ್ಷದ ಹಿಂದೆ ಪತ್ರಿಕೆಗೆ ಅದರ ವಿಮರ್ಶೆ ಬರೆದವರು ಇವರೇ. ಅಂದು ಮದುವೆಯೂಟಕ್ಕೆ ಹೊತ್ತಾಗಿತ್ತು. ಒಂದು ಬದಿ ಕೇಳಿ, ಇನ್ನೊಂದನ್ನು ಅಂದಾಜಿನ ಮೇಲೆ ತಳ್ಳಿಹಾಕಿದ್ದರು: 'ಎರಡನೆಯ ಬದಿಯ ಮಾರವಾ ರಾಗದಲ್ಲಿ ಜೀವವೇ ಇಲ್ಲ. ಈಕೆ ದೊಡ್ಡ ರಾಗಗಳ ತಂಟೆಗೆ ಹೋಗದಿದ್ದರೆ ಒಳಿತು.' ಮೃದುಲಾ ಮತ್ತೆ ವೇದಿಕೆ ಹತ್ತಲಿಲ್ಲ. ಶಾಲೆಯೊಂದರಲ್ಲಿ ಗುಮಾಸ್ತೆಯಾದರು. ಆಕೆಯ ಹೆಸರು ಬಂದಾಗಲೆಲ್ಲ ಮುಧೋಳರು ಮಾತು ಬದಲಿಸುತ್ತಿದ್ದರು.

"ಸೂಜಿ ತಾಗಿಲ್ಲಂತ ಪ್ರಮಾಣಪತ್ರ ಕೊಡಾಕ ಇದ ಹಾಡಿನ ಸವದ ಪ್ರತಿ ಜೋಡಿ ಹೋಲಿಸಬೇಕ್ರಿ," ಎಂದರು ರೇಣುಕಾ. "ಹಾಡಿದವರ ಹತ್ರ ಇರಬೇಕಲ್ಲ. ನಿಮಗ ಪರಿಚಯ ಐತೇನ್ರಿ?"

ತಪ್ಪಿಸಿಕೊಳ್ಳಲು ದಾರಿಯಿತ್ತು. ಆದರೂ ಮುಧೋಳರು ತಾವೇ ಫೋನ್ ಮಾಡಿದರು.

ಮರುದಿನ ಮೃದುಲಾ ತಮ್ಮ ಬಳಿಯಿದ್ದ ತಟ್ಟೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದರು. ರೇಣುಕಾ ಅದನ್ನು ಯಂತ್ರಕ್ಕಿಡುತ್ತಿದ್ದಂತೆ ಮುಧೋಳರು ಎದ್ದು ನಿಂತರು.

"ಮೃದುಲಾ ಅವರ, ಅವತ್ತ ನಾ ಎರಡನೇ ಬದಿ ಕೇಳಿರಲಿಲ್ಲ. ಕೇಳದ ಬರದಿದ್ದೆ. ನನ್ನದು ತಪ್ಪಾತು."

ಮೃದುಲಾ ಪರದೆಯತ್ತ ನೋಡುತ್ತಿದ್ದರು. ಮೊದಲ ಬದಿ, ನೂರಾ ಹನ್ನೆರಡು ಸಲ. ಎರಡನೆಯ ಬದಿ, ಸೊನ್ನೆ.

ರೇಣುಕಾ ಗಾಬರಿಯಿಂದ ಯಂತ್ರದ ಮೇಲೆ ಬಗ್ಗಿದರು.

"ಮಷೀನು ಕೆಟ್ಟಿಲ್ಲವ್ವಾ," ಎಂದರು ಮೃದುಲಾ. "ಪ್ಲೇಟು ಮನೀಗೆ ಬಂದ ದಿನಾನ ಇವರು ಬರದದ್ದೂ ಪೇಪರಿನ್ಯಾಗ ಬಂತು. ಇಷ್ಟು ತಿಳದವರು ಹೇಳ್ಯಾರಂದ್ರ ಖರೇನ ಇರಬೇಕಂತ ಆ ಕಡೆ ಹಾಕಲೇ ಇಲ್ಲ."

ಆಕೆ ಬೈದಿದ್ದರೆ ಮುಧೋಳರಿಗೆ ಎಷ್ಟೋ ಹಗುರಾಗುತ್ತಿತ್ತು. ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಮ್ಮ ತಟ್ಟೆಯನ್ನೇ ಎತ್ತಿ ರೇಣುಕಾರ ಕೈಗೆ ಕೊಟ್ಟರು.

"ಇದರ ಎರಡನೇ ಬದಿ ಹಾಕ್ರಿ."

"ಸೂಜಿ ತಾಗಿದ್ರ ಪ್ರಮಾಣಪತ್ರ ಸಿಗೂದಿಲ್ರಿ ಸರ್."

"ಪತ್ರ ಬ್ಯಾಡ. ಹಾಕ್ರಿ."

ಇಪ್ಪತ್ತಾರರ ಹರೆಯದ ದನಿಯೊಂದು ಅವಸರವಿಲ್ಲದೆ ಮಾರವಾದೊಳಗೆ ಇಳಿಯಿತು. ಅದರಲ್ಲಿ ಎಷ್ಟು ಜೀವವಿತ್ತೆಂದರೆ ಮುಧೋಳರಿಗೆ ತಲೆಯೆತ್ತಿ ಕೂರಲಾಗಲಿಲ್ಲ. ಮೃದುಲಾ ಮಾತ್ರ ಬೇರೆಯವರ ಸಂಗೀತ ಕಚೇರಿಗೆ ಬಂದವರ ಹಾಗೆ ತೊಡೆಯ ಮೇಲೆ ತಾಳ ಹಾಕುತ್ತ ಕೊನೆಯವರೆಗೂ ಕೇಳಿದರು. ಆಮೇಲೆ ಮುಧೋಳರತ್ತ ತಿರುಗಿದರು.

"ಛಲೋ ಹಾಡ್ಯಾಳ ಹುಡುಗಿ," ಎಂದರು. "ಯಾಕ ಬಿಟ್ಟಳು?"